ಕ್ಯಾಮೆರಾಕ್ಕೆ ತಕ್ಕ ಕಾರ್ಡು

ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಗರ್ಭಗುಡಿಯ ಹಿಂಬದಿಗೆ ಒಂದು ಕತ್ತಲೆಯ ಕೋಣೆಯುಂಟು. ಅಲ್ಲಿನ ಸಣ್ಣ ಕಿಂಡಿಯಿಂದ ಒಳಗೆ ಬಂದ ಬೆಳಕು ಗೋಡೆಯ ಮೇಲೆ ಪೂರ್ವದ ಮಹಾಗೋಪುರವನ್ನು ತಲೆಕೆಳಗಾಗಿ ಬರೆಯುತ್ತದೆ. ಹೊಸಪೇಟೆಯವರಾದ ನಮಗೆ ಇದು ಹೊಸ ಸಂಗತಿಯಲ್ಲ; ಬಂದ ನೆಂಟರಿಗೆಲ್ಲ ತೋರಿಸಿ ತೋರಿಸಿ ಸಾಕಾಗಿದೆ. ಮಸೂರವಿಲ್ಲ, ಬ್ಯಾಟರಿಯಿಲ್ಲ, ಒತ್ತುವ ಗುಂಡಿಯಿಲ್ಲ. ಆದರೂ ಅದು ಕ್ಯಾಮೆರಾವೇ ಎಂಬುದರಲ್ಲಿ ಸಂದೇಹವಿಲ್ಲ. ಆ ಕ್ಯಾಮೆರಾಕ್ಕೆ ಇರುವ ಕೊರತೆ ಒಂದೇ, ಅದಕ್ಕೆ ನೆನಪಿಲ್ಲ. ಮೋಡ ಕವಿದರೆ ಗೋಪುರವಿಲ್ಲ. ಸಂಜೆಯಾದರೆ ಗೋಡೆ ಬರಿಯ ಗೋಡೆ.

ಕಾಣುವುದಕ್ಕಿಂತ ಕಂಡದ್ದನ್ನು ಹಿಡಿದಿಡುವುದು ಕಷ್ಟ. ೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿ ಹಂಪೆಯ ಅವಶೇಷಗಳ ಚಿತ್ರ ತೆಗೆದಾಗ ಅವನ್ನು ಹಿಡಿದಿಟ್ಟದ್ದು ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವ್‌ಗಳಲ್ಲಿ. ಆ ಕಾಗದಗಳು ಉಳಿದುಬಂದದ್ದರಿಂದಲೇ ೧೯೮೦ರ ದಶಕದಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೊಲಿಂಗ್ಸ್ ಅದೇ ಸ್ಥಳಗಳಲ್ಲಿ ನಿಂತು ಅವೇ ದೃಶ್ಯಗಳನ್ನು ಮತ್ತೆ ತೆಗೆಯಲು ಸಾಧ್ಯವಾಯಿತು. ೧೯೭೫ರಲ್ಲಿ ಅಮೆರಿಕದ ಕೊಡಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ನಿರ್ಮಿಸಿದ ಡಿಜಿಟಲ್ ಕ್ಯಾಮೆರಾ ತನ್ನ ಚಿತ್ರವನ್ನು ಹಾಡು ಕೇಳುವ ಕ್ಯಾಸೆಟ್ಟಿನ ಟೇಪಿನ ಮೇಲೆ ಬರೆಯುತ್ತಿತ್ತು. ಒಂದು ಚಿತ್ರಕ್ಕೆ ೨೩ ಸೆಕೆಂಡು ಬೇಕಾಗುತ್ತಿತ್ತು. ಇಂದು ಆ ಕಾಗದದ ಕೆಲಸವನ್ನೂ ಟೇಪಿನ ಕೆಲಸವನ್ನೂ ಅಂಚೆ ಚೀಟಿಯಷ್ಟು ಅಗಲದ ಒಂದು ಬಿಲ್ಲೆ ಮಾಡುತ್ತಿದೆ. ಕ್ಯಾಮೆರಾವನ್ನು ಕೊಳ್ಳುವಾಗ ನಾವು ಹತ್ತು ಜನರನ್ನು ಕೇಳುತ್ತೇವೆ. ಈ ಬಿಲ್ಲೆಯನ್ನು ಕೊಳ್ಳುವಾಗ ಯಾರನ್ನೂ ಕೇಳುವುದಿಲ್ಲ. ನನ್ನ ಆಕ್ಷೇಪಣೆ ಇರುವುದು ಇಲ್ಲಿಯೇ.

ನಮ್ಮ ಕಾಲೇಜಿನಲ್ಲಿ ಬಹುಮತದ ಅಭಿಪ್ರಾಯವೇನೆಂದರೆ, ಮೆಮೊರಿ ಕಾರ್ಡು ಗೋಣಿಚೀಲದಂತೆ; ಯಾವ ಚೀಲವಾದರೂ ಸರಿ, ದೊಡ್ಡದಾದಷ್ಟೂ ಒಳ್ಳೆಯದು, ಅಗ್ಗವಾದಷ್ಟೂ ಲಾಭ. ಇದು ಒಪ್ಪತಕ್ಕ ಮಾತಲ್ಲವೆಂದು ಹೇಳುವುದಕ್ಕಾಗಿ ಈ ಲೇಖನ. ಹಾಗೆಂದು ನಾನೇನೂ ಛಾಯಾಗ್ರಹಣದ ಪಂಡಿತನಲ್ಲ. ಹೋದ ವರ್ಷದವರೆಗೆ ನಾನೂ ಈ ಗೋಣಿಚೀಲದ ಪಕ್ಷದವನೇ ಆಗಿದ್ದೆ. ಪಕ್ಷಾಂತರ ಮಾಡಿಸಿದ್ದು ಕಂಪ್ಲಿ.

ಹೋದ ಮಾಗಿಯಲ್ಲಿ ಇತಿಹಾಸ ವಿಭಾಗದ ನಾವು ಆರು ಮಂದಿ ವಿದ್ಯಾರ್ಥಿಗಳು ಕಂಪ್ಲಿಗೆ ಹೋಗಿದ್ದೆವು. ಕೋಟೆಯ ಪ್ರದೇಶ, ಸುತ್ತಮುತ್ತಲಿನ ವೀರಗಲ್ಲುಗಳು, ಹೊಳೆಯ ದಡದ ಬದುಕು, ಇವುಗಳ ಚಿತ್ರ ತೆಗೆದು ವಿಭಾಗಕ್ಕೆ ಒಂದು ಸಂಗ್ರಹ ಮಾಡಿಕೊಡಬೇಕೆಂಬುದು ನಮ್ಮ ಗುರುಗಳ ಆಸೆ. ವಿಭಾಗದಲ್ಲಿ ಒಂದು ಕ್ಯಾಮೆರಾ ಇದೆ. ನಾವು ಅಕ್ಷರಾಭ್ಯಾಸ ಮಾಡುತ್ತಿದ್ದ ಕಾಲದ್ದು. ಆದರೂ ಕಣ್ಣು ಚೆನ್ನಾಗಿದೆ. ಅದರ ಹಳೆಯ ಕಾರ್ಡು ಕಳೆದುಹೋಗಿದ್ದುದರಿಂದ ಹೊಸದೊಂದನ್ನು ತರಿಸಲಾಗಿತ್ತು. ಬೇಡಿಕೆಯ ಪತ್ರದಲ್ಲಿ ಬರೆದಿದ್ದದ್ದು ಇಷ್ಟೇ: ‘ಮೆಮೊರಿ ಕಾರ್ಡ್, ಒಂದು.’ ದರಪಟ್ಟಿಗಳು ಬಂದವು, ಕಡಮೆ ದರದ್ದಕ್ಕೆ ಒಪ್ಪಿಗೆ ಸಿಕ್ಕಿತು, ೬೪ ಜಿ.ಬಿ.ಯ ಕಾರ್ಡು ಬಂತು. ಒಳ್ಳೆಯ ಕಾರ್ಡೇ. ಆದರೆ ಹೊರಡುವ ಹಿಂದಿನ ಸಂಜೆ ಕ್ಯಾಮೆರಾಕ್ಕೆ ಹಾಕಿದರೆ, ಈ ಕಾರ್ಡನ್ನು ಉಪಯೋಗಿಸಲಾಗುವುದಿಲ್ಲವೆಂದು ಕ್ಯಾಮೆರಾ ಖಂಡಿತವಾಗಿ ಹೇಳಿತು. ತೆಗೆದು ಒರೆಸಿ ಮತ್ತೆ ಹಾಕಿದೆವು, ಬಾಯಿಂದ ಊದಿದೆವು, ಕ್ಯಾಮೆರಾಕ್ಕೆ ವಯಸ್ಸಾಯಿತೆಂದು ಎಲ್ಲರೂ ಸೇರಿ ತೀರ್ಪು ಕೊಟ್ಟೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಆಗ ಗೆಳೆಯನೊಬ್ಬ ಜಾತ್ರೆಯೊಂದರ ತಳ್ಳುಗಾಡಿಯಲ್ಲಿ ಕೊಂಡಿದ್ದ ೩೨ ಜಿ.ಬಿ.ಯ ಪುಟ್ಟ ಮೈಕ್ರೊ ಎಸ್.ಡಿ. ಕಾರ್ಡನ್ನು ಅಡಾಪ್ಟರಿನೊಳಗಿಟ್ಟು ಕೊಟ್ಟ. ಕ್ಯಾಮೆರಾ ಅದನ್ನು ಮರುಮಾತಿಲ್ಲದೆ ಒಪ್ಪಿಕೊಂಡಿತು. ನಮಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಮರುದಿನ ಬೆಳಗ್ಗೆ ಬಸ್ಸಿನಿಂದ ಇಳಿದಾಗಿನಿಂದ ಚಿತ್ರ ತೆಗೆದದ್ದೇ ತೆಗೆದದ್ದು. ಗಂಗಾವತಿಯ ಕಡೆಗೆ ಹೋಗುವ ಸೇತುವೆ, ಕೋಟೆಯ ಗೋಡೆ, ಕೋಟೆಯ ಗೋಡೆಯ ಮುಂದೆ ನಾವು, ನಮ್ಮ ಮುಂದೆ ಬಾಳೆಹಣ್ಣಿನ ಗೊನೆ, ಹೀಗೆ. ಮಧ್ಯಾಹ್ನದ ಮೇಲೆ ಹೊಳೆಯ ದಡದಲ್ಲಿ ಹರಿಗೋಲು ಹೆಣೆಯುವ ಒಬ್ಬ ಮುದುಕರು ಸಿಕ್ಕಿದರು. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಇಲ್ಲಿನ ಹೊಳೆಯನ್ನು ಬುಟ್ಟಿಯಂತೆ ದುಂಡಗಿರುವ, ಹೊರಮೈಗೆ ತೊಗಲು ಹೊದಿಸಿದ ದೋಣಿಗಳಲ್ಲಿ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಐನೂರು ವರ್ಷಗಳ ಅನಂತರ ನಾವು ಕಂಡದ್ದೂ ಅದೇ ಬುಟ್ಟಿ. ತೊಗಲಿನ ಜಾಗದಲ್ಲಿ ಪ್ಲಾಸ್ಟಿಕ್ ಚೀಲ ಮತ್ತು ಟಾರು ಬಂದಿದ್ದವು, ಅಷ್ಟೆ. ಬಿದಿರನ್ನು ಸೀಳುವುದು, ತಳವನ್ನು ಹೆಣೆಯುವುದು, ಅಂಚನ್ನು ಬಗ್ಗಿಸಿ ಕಟ್ಟುವುದು, ಒಂದೊಂದನ್ನೂ ಅವರು ನಮಗಾಗಿ ನಿಧಾನವಾಗಿ ಮಾಡಿ ತೋರಿಸಿದರು. ಸುಮಾರು ಎರಡು ತಾಸು ಅವರ ಕೈಗಳನ್ನೇ ತೆಗೆದೆವು. ಕೊನೆಯಲ್ಲಿ ಅವರು ರುಮಾಲು ಸರಿಪಡಿಸಿಕೊಂಡು ಹರಿಗೋಲಿನ ಪಕ್ಕ ನೆಟ್ಟಗೆ ನಿಂತು, ‘ಒಂದು ಕಾಪಿ ಕಳಿಸ್ರಪ್ಪಾ, ಮರೀಬ್ಯಾಡ್ರಿ’ ಎಂದರು. ಕಳಿಸುತ್ತೇವೆಂದೆವು.

ಕಾಲೇಜಿಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಕಡತಗಳ ಹೆಸರುಗಳೆಲ್ಲ ಸಾಲಾಗಿ ಇದ್ದವು, ಸಂಖ್ಯೆಯೂ ಸರಿಯಾಗಿತ್ತು. ಮೊದಲಿನ ಇನ್ನೂರು ಚಿಲ್ಲರೆ ಚಿತ್ರಗಳು ತೆರೆದುಕೊಂಡವು. ಅಲ್ಲಿಂದ ಮುಂದೆ ಒಂದೂ ತೆರೆಯಲಿಲ್ಲ. ಹೆಸರಿದೆ, ಒಳಗೆ ಏನೂ ಇಲ್ಲ; ಕನ್ನಡಿಯೊಳಗಿನ ಗಂಟು. ಸೇತುವೆ ಉಳಿದಿತ್ತು, ಗೋಡೆ ಉಳಿದಿತ್ತು, ಬಾಳೆಹಣ್ಣು ತಿನ್ನುವ ನಮ್ಮ ಆರೂ ಮುಖಗಳು ಸ್ಪಷ್ಟವಾಗಿ ಉಳಿದಿದ್ದವು. ಮಧ್ಯಾಹ್ನದ ನಂತರದ್ದೆಲ್ಲ ಹೋಗಿತ್ತು.

ಹೀಗೇಕಾಯಿತು ಎಂಬುದನ್ನು ತಿಳಿಯಲು ನಾನು ಆಮೇಲೆ ಸಾಕಷ್ಟು ಓದಬೇಕಾಯಿತು. ಎರಡು ಕಾರ್ಡು, ಎರಡು ಬೇರೆ ಬೇರೆ ರೋಗ.

ಮೊದಲನೆಯದು ಒಪ್ಪಿಗೆಯ ಪ್ರಶ್ನೆ. ನಮ್ಮ ಬಹುತೇಕ ಕ್ಯಾಮೆರಾಗಳಲ್ಲಿ ಬಳಸುವುದು ಎಸ್.ಡಿ. ಎಂಬ ಜಾತಿಯ ಕಾರ್ಡು. ಪ್ಯಾನಸೋನಿಕ್, ಸ್ಯಾನ್‌ಡಿಸ್ಕ್, ತೋಷಿಬಾ ಎಂಬ ಮೂರು ಕಂಪನಿಗಳು ಕೂಡಿ ೧೯೯೯ರಲ್ಲಿ ಇದನ್ನು ಹೊರತಂದವು. ೩೨ ಮಿಲಿಮೀಟರ್ ಉದ್ದ, ೨೪ ಮಿಲಿಮೀಟರ್ ಅಗಲ. ಅಂದಿನಿಂದ ಇಂದಿನವರೆಗೆ ಆಕಾರ ಬದಲಾಗಿಲ್ಲ. ಮೋಸ ಇರುವುದು ಈ ಬದಲಾಗದ ಆಕಾರದಲ್ಲಿಯೇ. ಒಂದೇ ಅಂಗಿ ತೊಟ್ಟ ಅಣ್ಣತಮ್ಮಂದಿರಂತೆ ಇದರಲ್ಲಿ ತಲೆಮಾರುಗಳುಂಟು. ಬರಿಯ ಎಸ್.ಡಿ. ಎಂದು ಬರೆದದ್ದು ೨ ಜಿ.ಬಿ.ವರೆಗೆ. ೨೦೦೬ರಲ್ಲಿ ಬಂದ ಎಸ್.ಡಿ.ಎಚ್.ಸಿ. ೩೨ ಜಿ.ಬಿ.ವರೆಗೆ. ೨೦೦೯ರಲ್ಲಿ ಪ್ರಕಟವಾದ ಎಸ್.ಡಿ.ಎಕ್ಸ್.ಸಿ. ೩೨ ಜಿ.ಬಿ. ದಾಟಿ ೨ ಟಿ.ಬಿ.ವರೆಗೆ. ೨೦೧೮ರಲ್ಲಿ ಇನ್ನೂ ದೊಡ್ಡದಾದ ಎಸ್.ಡಿ.ಯು.ಸಿ. ಎಂಬುದೂ ಘೋಷಣೆಯಾಗಿದೆ, ನಮ್ಮ ಕಾಲೇಜಿಗೆ ಅದರ ಚಿಂತೆ ಬೇಡ. ಇವು ಬರಿಯ ಅಳತೆಯ ಹೆಸರುಗಳಲ್ಲ. ಕಾರ್ಡಿನೊಳಗೆ ಲೆಕ್ಕ ಬರೆದಿಡುವ ಪದ್ಧತಿಯೇ ಒಂದೊಂದು ತಲೆಮಾರಿಗೆ ಒಂದೊಂದು. ಎಸ್.ಡಿ.ಎಚ್.ಸಿ.ಯದು ಫ್ಯಾಟ್ ೩೨, ಎಸ್.ಡಿ.ಎಕ್ಸ್.ಸಿ.ಯದು ಎಕ್ಸ್‌ಫ್ಯಾಟ್. ಹೊಸ ಕ್ಯಾಮೆರಾ ಹಳೆಯ ಕಾರ್ಡನ್ನು ಓದಬಲ್ಲದು. ಹಳೆಯ ಕ್ಯಾಮೆರಾಕ್ಕೆ ಹೊಸ ಕಾರ್ಡಿನ ಲಿಪಿ ಬಾರದು. ಮೊಮ್ಮಗನಿಗೆ ಅಜ್ಜನ ಮಾತು ತಿಳಿದರೂ ಮೊಮ್ಮಗನ ಮಾತು ಅಜ್ಜನಿಗೆ ತಿಳಿಯದಿರುವಂತೆ. ನಮ್ಮ ವಿಭಾಗದ ಕ್ಯಾಮೆರಾ ಎಸ್.ಡಿ.ಎಚ್.ಸಿ. ಕಾಲದ್ದು, ಅದಕ್ಕೆ ೬೪ ಜಿ.ಬಿ. ತಂದುಕೊಟ್ಟರೆ ಅದು ಬೇಡವೆಂದದ್ದು ಮುಪ್ಪಿನಿಂದಲ್ಲ. ಅದರ ಕೈಪಿಡಿಯಲ್ಲಿ ಈ ವಿಷಯ ಸ್ಪಷ್ಟವಾಗಿ ಅಚ್ಚಾಗಿದೆ. ಕೈಪಿಡಿ ಬೀರುವಿನಲ್ಲಿತ್ತು, ಪ್ಲಾಸ್ಟಿಕ್ ಹೊದಿಕೆಯನ್ನು ಕೂಡ ಯಾರೂ ಬಿಚ್ಚಿರಲಿಲ್ಲ.

೬೪ ಜಿ.ಬಿ.ಯ ಕಾರ್ಡನ್ನು ಫ್ಯಾಟ್ ೩೨ ಪದ್ಧತಿಗೆ ಬದಲಾಯಿಸಿಕೊಂಡರೆ ಹಳೆಯ ಕ್ಯಾಮೆರಾ ಒಪ್ಪುತ್ತದೆಂದು ಹೇಳುವ ಜಾಣರೂ ಇದ್ದಾರೆ. ಕೆಲವು ಕ್ಯಾಮೆರಾಗಳಲ್ಲಿ ಒಪ್ಪುವುದು ನಿಜವೇ. ಆದರೆ ಒಪ್ಪಿಯೇ ಒಪ್ಪುತ್ತದೆಂದು ಯಾರೂ ಹೊಣೆ ಹೊರುವುದಿಲ್ಲ. ಮನೆಯ ಹಿತ್ತಲಿನಲ್ಲಿ ಇಂಥ ಪ್ರಯೋಗ ಮಾಡಬಹುದು. ಮತ್ತೆ ಸಿಗದ ಚಿತ್ರ ತೆಗೆಯಲು ಹೊರಟಾಗ ಮಾಡತಕ್ಕದ್ದಲ್ಲ.

ಈಚೆಗೆ ನಮ್ಮ ಗೆಳೆಯರಲ್ಲಿ ಇಪ್ಪತ್ತು ವರ್ಷದ ಹಿಂದಿನ ಪುಟ್ಟ ಡಿಜಿಟಲ್ ಕ್ಯಾಮೆರಾಗಳನ್ನು ಹುಡುಕಿ ಕೊಳ್ಳುವ ಒಂದು ಹುಚ್ಚು ಹಬ್ಬಿದೆ. ಆ ಚಿತ್ರಗಳ ಬಣ್ಣ ಅವರಿಗೆ ಹಿತವಂತೆ. ಹಿತವಾಗಿರಲಿ, ಆದರೆ ಕೊಳ್ಳುವ ಮೊದಲು ಕಾರ್ಡಿನ ಬಾಗಿಲನ್ನು ತೆರೆದು ನೋಡಬೇಕು. ೨೦೦೨ರಲ್ಲಿ ಒಲಿಂಪಸ್ ಮತ್ತು ಫ್ಯೂಜಿಫಿಲ್ಮ್ ಕೂಡಿ ತಂದ ಎಕ್ಸ್‌ಡಿ ಕಾರ್ಡು, ಅದಕ್ಕೂ ಹಿಂದಿನ ಸ್ಮಾರ್ಟ್‌ಮೀಡಿಯಾ, ೧೯೯೮ರಲ್ಲಿ ಸೋನಿಯವರು ತಂದ ಮೆಮೊರಿ ಸ್ಟಿಕ್, ಇವೆಲ್ಲ ಬೇರೆ ಬೇರೆ ಕುಲಗಳು. ಒಂದರ ಗೂಡಿಗೆ ಇನ್ನೊಂದು ಹೋಗದು. ಎಕ್ಸ್‌ಡಿ ೨ ಜಿ.ಬಿ.ಗಿಂತ ದೊಡ್ಡದಾಗಲೇ ಇಲ್ಲ; ಈಗ ಅದರ ತಯಾರಿಕೆಯೂ ನಿಂತಿದೆ. ಕ್ಯಾಮೆರಾ ಅಗ್ಗಕ್ಕೆ ಸಿಕ್ಕಿತೆಂದು ಕುಣಿಯುತ್ತ ಬಂದ ಸಹಪಾಠಿಯೊಬ್ಬಳು ಅದಕ್ಕೊಂದು ಎಕ್ಸ್‌ಡಿ ಹುಡುಕಲು ಅಲೆದ ಅಲೆತ ನಮ್ಮ ತರಗತಿಗೆಲ್ಲ ಗೊತ್ತು. ಇನ್ನೊಂದು ತುದಿಯಲ್ಲಿ, ಮದುವೆಯ ಚಿತ್ರ ತೆಗೆಯುವ ಸ್ಟುಡಿಯೊದವರ ಹೊಚ್ಚ ಹೊಸ ಕ್ಯಾಮೆರಾಗಳಿಗೆ ಸಿ.ಎಫ್. ಎಕ್ಸ್‌ಪ್ರೆಸ್ ಎಂಬ ಕಾರ್ಡು ಬಂದಿದೆ. ಅದರಲ್ಲಿಯೂ ಎ ಬೇರೆ, ಬಿ ಬೇರೆ.

ಇನ್ನು ಎರಡನೆಯ ರೋಗ, ಜಾತ್ರೆಯ ಕಾರ್ಡಿನದು. ಇದು ಶುದ್ಧ ವಂಚನೆ, ಆದರೆ ಬುದ್ಧಿವಂತ ವಂಚನೆ. ಪ್ರತಿಯೊಂದು ಕಾರ್ಡಿನೊಳಗೂ ನೆನಪಿಡುವ ಚಿಪ್ಪಿನ ಜೊತೆಗೆ ಲೆಕ್ಕ ನೋಡಿಕೊಳ್ಳುವ ಒಂದು ಚಿಕ್ಕ ನಿಯಂತ್ರಕವಿರುತ್ತದೆ. ನಿನ್ನಲ್ಲಿ ಎಷ್ಟು ಜಾಗವಿದೆಯೆಂದು ಕ್ಯಾಮೆರಾ ಕೇಳಿದಾಗ ಉತ್ತರ ಕೊಡುವುದು ಈ ಗುಮಾಸ್ತನೇ. ಅವನಿಗೆ ಸುಳ್ಳು ಹೇಳಲು ಕಲಿಸಿಬಿಟ್ಟರೆ ೪ ಜಿ.ಬಿ.ಯ ಚಿಪ್ಪು ೩೨ ಜಿ.ಬಿ.ಯೆಂದು ಮಾರಾಟವಾಗುತ್ತದೆ. ನಿಜವಾದ ಜಾಗ ಇರುವವರೆಗೆ ಎಲ್ಲವೂ ಸರಿ. ಆಮೇಲೆ ಬಂದದ್ದನ್ನು ಗುಮಾಸ್ತ ‘ಬಂತು, ಸ್ವೀಕರಿಸಿದೆ’ ಎಂದು ಹೇಳಿ ಗಾಳಿಗೆ ತೂರುತ್ತಾನೆ, ಇಲ್ಲವೆ ಹಳೆಯದರ ಮೇಲೆಯೇ ಬರೆಯುತ್ತಾನೆ. ಕಡತಗಳ ಪಟ್ಟಿ ಮೊದಲಿನ ಜಾಗದಲ್ಲಿರುವುದರಿಂದ ಹೆಸರುಗಳು ಮಾತ್ರ ಕೆಡುವುದಿಲ್ಲ. ಚಿತ್ರ ತೆಗೆದ ಕೂಡಲೇ ಕ್ಯಾಮೆರಾದ ಹಿಂಬದಿಯಲ್ಲಿ ಕ್ಷಣಕಾಲ ಕಾಣುವ ಚಿತ್ರ ಕ್ಯಾಮೆರಾದ ಸ್ವಂತ ನೆನಪಿನಿಂದ ಬಂದದ್ದು, ಕಾರ್ಡಿನಿಂದಲ್ಲ. ಆದಕಾರಣ ಹೊಳೆಯ ದಡದಲ್ಲಿ ನಮಗೆ ಯಾವ ಅನುಮಾನವೂ ಬರಲಿಲ್ಲ. ನಡುವೆ ಒಮ್ಮೆಯಾದರೂ ಹಿಂದಿನ ಚಿತ್ರಗಳನ್ನು ತೆರೆದು ನೋಡಿದ್ದರೆ ಗೊತ್ತಾಗುತ್ತಿತ್ತು. ನಾವು ನೋಡಲಿಲ್ಲ.

ಇದನ್ನು ಮೊದಲೇ ಪತ್ತೆಹಚ್ಚುವುದು ಕಷ್ಟವಲ್ಲ. ಕಂಪ್ಯೂಟರಿನಲ್ಲಿ ಕಾರ್ಡಿನ ಗಾತ್ರ ನೋಡಿದರೆ ಸಾಲದು, ಅದೂ ಗುಮಾಸ್ತನ ಮಾತೇ. ಕಾರ್ಡನ್ನು ಪೂರ್ತಿ ತುಂಬಿಸಿ ಮತ್ತೆ ಓದಿ ನೋಡಬೇಕು. ಇದಕ್ಕಾಗಿಯೇ ಎಚ್೨ಟೆಸ್ಟ್‌ಡಬ್ಲ್ಯು, ಎಫ್೩ ಎಂಬ ತಂತ್ರಾಂಶಗಳು ಉಚಿತವಾಗಿ ದೊರೆಯುತ್ತವೆ. ಹೊಸ ಕಾರ್ಡಿಗೆ ಒಂದೆರಡು ತಾಸು ಹಿಡಿಯಬಹುದು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಬಾಯಲ್ಲಿ ಹೇಳುವ ನಾವು ಕುಡಿದು ನೋಡಲು ಬೇಸರಪಡುತ್ತೇವೆ. ಇಲ್ಲಿಯೇ ಒಂದು ಮಾತು ಹೇಳಿಬಿಡಬೇಕು. ೬೪ ಜಿ.ಬಿ.ಯ ಅಸಲಿ ಕಾರ್ಡು ಕಂಪ್ಯೂಟರಿನಲ್ಲಿ ೫೯ ಚಿಲ್ಲರೆಯಷ್ಟೇ ಕಾಣಿಸುತ್ತದೆ. ಅಂಗಡಿಯವರು ಮೋಸ ಮಾಡಿದರೆಂದು ಜಗಳಕ್ಕೆ ಹೋಗಬಾರದು. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರು ೧೦೨೪ರ ಲೆಕ್ಕದಲ್ಲಿ ಎಣಿಸುತ್ತದೆ, ವ್ಯತ್ಯಾಸ ಅಷ್ಟೆ.

ಕಾರ್ಡು ಅಸಲಿಯಾಗಿದ್ದು, ತಲೆಮಾರು ಹೊಂದಿದರೂ ಮುಗಿಯಲಿಲ್ಲ. ವೇಗದ ಪ್ರಶ್ನೆಯೊಂದಿದೆ. ಇದು ನನಗೆ ತಿಳಿದದ್ದು ಹಂಪಿ ಉತ್ಸವದಲ್ಲಿ. ಗೆಳೆಯನೊಬ್ಬನ ಹೊಸ ಕ್ಯಾಮೆರಾದಲ್ಲಿ ಜಾನಪದ ಕಲಾವಿದರ ಮೆರವಣಿಗೆಯ ಚಲನಚಿತ್ರ ತೆಗೆಯುತ್ತಿದ್ದೆವು. ಡೊಳ್ಳಿನವರು ಹತ್ತಿರ ಬಂದು ಕುಣಿತ ಏರುತ್ತಿದ್ದಂತೆಯೇ ಕ್ಯಾಮೆರಾ ತಾನಾಗಿಯೇ ನಿಂತುಬಿಟ್ಟಿತು. ಮತ್ತೆ ಒತ್ತಿದರೆ ಮತ್ತೆ ನಿಂತಿತು. ಕಾರಣ ಬಹಳ ಸಾದಾ ಗಣಿತ. ಆ ಕ್ಯಾಮೆರಾ ೪ಕೆ ಚಿತ್ರವನ್ನು ಸೆಕೆಂಡಿಗೆ ೧೦೦ ಮೆಗಾಬಿಟ್‌ನಂತೆ ಹೊರಗೆ ಕಳಿಸುತ್ತಿತ್ತು. ಕಾರ್ಡಿನ ಮೇಲೆ ವೃತ್ತದೊಳಗೆ ೧೦ ಎಂದಿತ್ತು. ಅದರ ಅರ್ಥ ಸೆಕೆಂಡಿಗೆ ಕನಿಷ್ಠ ೧೦ ಮೆಗಾಬೈಟ್ ಬರೆಯುವ ಭರವಸೆ. ಬಿಟ್ ಬೇರೆ, ಬೈಟ್ ಬೇರೆ; ಎಂಟು ಬಿಟ್ ಕೂಡಿದರೆ ಒಂದು ಬೈಟ್. ೧೦೦ನ್ನು ಎಂಟರಿಂದ ಭಾಗಿಸಿದರೆ ೧೨.೫. ಹನ್ನೆರಡೂವರೆ ಸೇರು ಸುರಿಯುವ ಕಡೆ ಹತ್ತು ಸೇರಿನ ಭರವಸೆ ಇಟ್ಟುಕೊಂಡು ಹೋಗಿದ್ದೆವು. ಕ್ಯಾಮೆರಾ ಸ್ವಲ್ಪ ಹೊತ್ತು ಉಳಿದದ್ದನ್ನು ಮಡಿಲಲ್ಲಿ ಹಿಡಿದುಕೊಂಡಿತು. ಮಡಿಲು ತುಂಬಿದ ಮೇಲೆ ಕೈಬಿಟ್ಟಿತು.

ಕಾರ್ಡಿನ ಮುಖದ ಮೇಲೆ ಅಂಕಿಗಳು ಹಲವಿರುತ್ತವೆ. ಅವುಗಳಲ್ಲಿ ದೊಡ್ಡಕ್ಷರದ ಅಂಕಿಯೇ ಅತ್ಯಂತ ನಿಷ್ಪ್ರಯೋಜಕವಾದದ್ದು. ೧೦೦ ಎಂದೋ ೧೭೦ ಎಂದೋ ಮೆರೆಯುವ ಅದು ಸಾಮಾನ್ಯವಾಗಿ ಓದುವ ವೇಗ, ಅದರಲ್ಲೂ ಅನುಕೂಲವಾದ ಹೊತ್ತಿನಲ್ಲಿ ಮುಟ್ಟಬಹುದಾದ ಗರಿಷ್ಠ ವೇಗ. ಚಿತ್ರ ತೆಗೆಯುವವನಿಗೆ ಬೇಕಾದದ್ದು ಬರೆಯುವ ವೇಗ, ಅದರಲ್ಲೂ ಎಂದಿಗೂ ಅದಕ್ಕಿಂತ ಕೆಳಗಿಳಿಯದ ಕನಿಷ್ಠ ವೇಗ. ಅದನ್ನು ಹೇಳುವವು ಮೂಲೆಯ ಚಿಕ್ಕ ಗುರುತುಗಳು: ಯು ಅಕ್ಷರದೊಳಗೆ ೧ ಇದ್ದರೆ ೧೦, ೩ ಇದ್ದರೆ ೩೦, ವಿ ಅಕ್ಷರದ ಮುಂದೆ ಇರುವ ೩೦, ೬೦, ೯೦ ನೇರವಾಗಿ ಅಷ್ಟೇ ಮೆಗಾಬೈಟ್. ನಮ್ಮ ಮೆರವಣಿಗೆಗೆ ವಿ ೩೦ ಧಾರಾಳವಾಗಿ ಸಾಕಾಗಿತ್ತು. ೯೦ ತಂದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತೇ ಎಂದರೆ, ಇಲ್ಲ. ಅಂಥ ಕಾರ್ಡುಗಳ ಬೆನ್ನಿನ ಮೇಲೆ ಸಂಪರ್ಕದ ಎರಡನೆಯ ಸಾಲೊಂದು ಇರುತ್ತದೆ, ಯು.ಎಚ್.ಎಸ್. ೨ ಎಂದು ಅದರ ಹೆಸರು. ಕ್ಯಾಮೆರಾದಲ್ಲಿ ಆ ಎರಡನೆಯ ಸಾಲು ಇಲ್ಲದಿದ್ದರೆ ಕಾರ್ಡು ಕೆಲಸವೇನೋ ಮಾಡುತ್ತದೆ, ಆದರೆ ಹಳೆಯ ವೇಗದಲ್ಲಿಯೇ. ತುಂಗಭದ್ರೆಯ ಕಾಲುವೆಯಲ್ಲಿ ನೀರು ಎಷ್ಟೇ ಹರಿದರೂ ಗದ್ದೆಗೆ ಬರುವುದು ತೂಬಿನಷ್ಟೇ ಎಂಬುದನ್ನು ಕಂಪ್ಲಿಯ ಕಡೆಯ ರೈತರ ಮಕ್ಕಳಿಗೆ ನಾನು ಹೇಳಿಕೊಡಬೇಕಾಗಿಲ್ಲ. ಕೊಟ್ಟ ಹಣ ದಂಡ.

ಕಾರ್ಡು ಎಷ್ಟು ದೊಡ್ಡದಿರಬೇಕೆಂಬುದಕ್ಕೂ ಇದೇ ಲೆಕ್ಕ ಸಾಕು. ಸೆಕೆಂಡಿಗೆ ೧೨.೫ ಮೆಗಾಬೈಟ್ ಎಂದರೆ ೬೪ ಜಿ.ಬಿ.ಯಲ್ಲಿ ಸುಮಾರು ೮೫ ನಿಮಿಷದ ಚಲನಚಿತ್ರ ಹಿಡಿಯುತ್ತದೆ. ಸ್ಥಿರಚಿತ್ರ ಮಾತ್ರ ತೆಗೆಯುವವರಿಗೆ ೩೨ ಜಿ.ಬಿ.ಯೇ ಕೆಲವು ದಿನಗಳ ಅನ್ನ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಸರಿ. ಆದರೆ ಕಾಲೇ ಗೇಣುದ್ದ ಇರುವಾಗ ಮಾರುದ್ದದ ಹಾಸಿಗೆ ಏತಕ್ಕೆ? ೨೫೬ರ ಒಂದು ಕಾರ್ಡಿಗಿಂತ ಚಿಕ್ಕವು ಎರಡೋ ಮೂರೋ ಇರುವುದು ಮೇಲೆಂಬುದು ನನ್ನ ಅಭಿಪ್ರಾಯ. ಒಂದು ಕೆಟ್ಟರೆ ಒಂದು ದಿನದ ಚಿತ್ರ ಹೋದೀತು, ಎಲ್ಲವೂ ಹೋಗದು. ಇದಕ್ಕೆ ಪ್ರತಿಯಾಗಿ, ಚಿಕ್ಕವು ಕಳೆದುಹೋಗುತ್ತವೆ ಎನ್ನುವವರಿದ್ದಾರೆ. ನಮ್ಮ ವಿಭಾಗದ ಅನುಭವ ಅವರ ಕಡೆಗೇ ಸಾಕ್ಷಿ ಹೇಳುತ್ತದೆಂದು ಒಪ್ಪಿಕೊಳ್ಳುತ್ತೇನೆ.

ಸಂಡೂರಿನ ವಿಷಯಕ್ಕೆ ಬಂದರೆ ಅಲ್ಲಿನ ಕಷ್ಟವೇ ಬೇರೆ. ಮಳೆಗಾಲದಲ್ಲಿ ಕುಮಾರಸ್ವಾಮಿಯ ಬೆಟ್ಟಗಳನ್ನೂ ನಾರಿಹಳ್ಳದ ನೀರನ್ನೂ ನೋಡಿದವನಿಗೆ ಕ್ಯಾಮೆರಾ ಕೆಳಗಿಡಲು ಮನಸ್ಸಾಗದು. ಬೇಸಗೆಯಲ್ಲಿ ಅದಿರಿನ ಲಾರಿಗಳು ಓಡಾಡುವ ದಾರಿಯಲ್ಲಿ ನಿಂತವನಿಗೆ ಕ್ಯಾಮೆರಾ ಹೊರತೆಗೆಯಲು ಧೈರ್ಯ ಬಾರದು. ಕಬ್ಬಿಣದ ಧೂಳು ಕಾರ್ಡಿನಲ್ಲಿರುವುದನ್ನು ಅಳಿಸಿಬಿಡುತ್ತದೆಂದು ಗೆಳೆಯನೊಬ್ಬ ಕಾರ್ಡನ್ನು ಎಲೆಯಡಿಕೆಯ ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡಿದ್ದ. ಅದು ಕ್ಯಾಸೆಟ್ಟಿನ ಕಾಲದ ಭಯ. ಟೇಪಿನಲ್ಲಿ ಬರೆಹ ಅಯಸ್ಕಾಂತದ್ದು; ಕಾರ್ಡಿನಲ್ಲಿರುವುದು ಫ್ಲ್ಯಾಷ್ ಮೆಮೊರಿ, ತೋಷಿಬಾದಲ್ಲಿ ಫ್ಯೂಜಿಯೊ ಮಸುವೊಕ ೧೯೮೦ರ ದಶಕದಲ್ಲಿ ಕಂಡುಹಿಡಿದದ್ದು. ಅದರಲ್ಲಿ ಚಿತ್ರ ನಿಲ್ಲುವುದು ಸೆರೆಸಿಕ್ಕ ವಿದ್ಯುತ್ಕಣಗಳ ರೂಪದಲ್ಲಿ. ಸಂಡೂರಿನ ಅದಿರು ಅದನ್ನು ಅಳಿಸಲಾರದು. ಆದರೆ ಆ ಕೆಂಪು ಹುಡಿ ಕಾರ್ಡಿನ ಹಳದಿ ಲೋಹದ ಪಟ್ಟಿಗಳ ಮೇಲೆ ಕೂತರೆ ಸಂಪರ್ಕ ತಪ್ಪುತ್ತದೆ, ಗೂಡಿನೊಳಗೆ ಹೋದರೆ ಕ್ಯಾಮೆರಾವೇ ಕೆಡುತ್ತದೆ. ಧೂಳಿನ ಊರಿನಲ್ಲಿ ದಾರಿಯ ಮೇಲೆ ನಿಂತು ಕಾರ್ಡು ಬದಲಿಸಬಾರದು. ಇಂಥ ಕಡೆಗೆ ಮಾತ್ರ ಆ ದಿನಕ್ಕೆ ಸಾಲುವಷ್ಟು ದೊಡ್ಡದಾದ ಒಂದೇ ಕಾರ್ಡನ್ನು ಒಳಗಿಟ್ಟುಕೊಂಡು ಹೋಗುವುದು ಲೇಸು. ಮೈಕ್ರೊ ಕಾರ್ಡಿಗೆ ಅಡಾಪ್ಟರು ತೊಡಿಸಿದರೆ ಧೂಳು ಕೂರುವ ಸಂದು ಒಂದರ ಬದಲು ಎರಡಾಗುತ್ತದೆ. ಪೂರ್ಣಾಕಾರದ ಕಾರ್ಡನ್ನು ಕೇಳುವ ಕ್ಯಾಮೆರಾಕ್ಕೆ ಪೂರ್ಣಾಕಾರದ್ದನ್ನೇ ಕೊಡಬೇಕೆಂದು ನಾನು ಹೇಳುವುದು ಇದರಿಂದಲೂ ಹೌದು.

ಹೊಂದಾಣಿಕೆ ಕ್ಯಾಮೆರಾದೊಡನೆ ಮಾತ್ರ ಇದ್ದರೆ ಸಾಲದೆಂಬುದನ್ನು ಹೇಳಲು ಮರೆತಿದ್ದೆ. ಕಾರ್ಡನ್ನು ಓದಬೇಕಾದ ಕಂಪ್ಯೂಟರೂ ಹಳೆಯದಿರಬಹುದು. ಎಕ್ಸ್‌ಫ್ಯಾಟ್ ತಿಳಿಯದ ಯಂತ್ರಕ್ಕೆ ಎಸ್.ಡಿ.ಎಕ್ಸ್.ಸಿ. ಕಾರ್ಡು ಕೊಟ್ಟರೆ ಅದು ‘ಈ ಕಾರ್ಡನ್ನು ಫಾರ್ಮ್ಯಾಟ್ ಮಾಡಬೇಕೆ?’ ಎಂದು ವಿನಯದಿಂದ ಕೇಳುತ್ತದೆ. ಅಷ್ಟು ವಿನಯದಿಂದ ಕೇಳಿದ್ದಕ್ಕೆ ನಮ್ಮವರು ಹೌದೆನ್ನುತ್ತಾರೆ. ಕಾರ್ಡಿನಲ್ಲಿರುವುದನ್ನು ಅಳಿಸಲೇ ಎಂಬುದು ಆ ಪ್ರಶ್ನೆಯ ಅರ್ಥ.

ಮೊಬೈಲಿನ ಕಾಲದಲ್ಲಿ ಇದೆಲ್ಲ ಏಕೆಂದು ಕೇಳುವವರಿಗೆ ನಾನು ವಿರೋಧಿಯಲ್ಲ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ ೧೯ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ನಾವೆಲ್ಲ ನೋಡಿದ್ದು ಮೊಬೈಲಿನ ಚಿತ್ರಗಳನ್ನೇ. ಆದರೆ ವಿಭಾಗದ ಸಂಗ್ರಹ ಒಬ್ಬೊಬ್ಬರ ಜೇಬಿನ ಫೋನಿನಲ್ಲಿ ಇರತಕ್ಕದ್ದಲ್ಲ. ಮೂರು ವರ್ಷಕ್ಕೆ ಫೋನೂ ಹೋಗುತ್ತದೆ, ವಿದ್ಯಾರ್ಥಿಯೂ ಹೋಗುತ್ತಾನೆ. ಹಾಗೆಂದು ಕಾರ್ಡೂ ಶಾಶ್ವತವಾದ ಉಗ್ರಾಣವಲ್ಲ. ಸೆರೆಸಿಕ್ಕ ಕಣಗಳು ವರ್ಷಗಳು ಕಳೆದಂತೆ ಸೋರುತ್ತವೆ. ಗ್ರೀನ್‌ಲಾನ ಕಾಗದ ನೂರೈವತ್ತು ವರ್ಷ ದಾಟಿತು; ಬೀರುವಿನಲ್ಲಿಟ್ಟು ಮರೆತ ಕಾರ್ಡು ಅದರ ಸಣ್ಣದೊಂದು ಪಾಲಿನಷ್ಟು ಕಾಲ ಬಾಳಿದರೂ ಪುಣ್ಯ. ಸಂಜೆ ಬಂದೊಡನೆ ಎರಡು ಕಡೆ ಪ್ರತಿ ಮಾಡಿ, ಆಮೇಲೆ ಕ್ಯಾಮೆರಾದಲ್ಲಿಯೇ ಫಾರ್ಮ್ಯಾಟ್ ಮಾಡಿ, ಮರುದಿನಕ್ಕೆ ಸಿದ್ಧಮಾಡಿಟ್ಟುಕೊಳ್ಳಬೇಕು.

ನಮ್ಮ ಅಧ್ಯಾಪಕರಲ್ಲಿ ನನ್ನದೊಂದು ಅರಿಕೆ. ಸರಕಾರಿ ಕಾಲೇಜಿನಲ್ಲಿ ಕಡಮೆ ದರಕ್ಕೆ ಕೊಳ್ಳಬೇಕೆಂಬ ನಿಯಮವನ್ನು ಯಾರೂ ತಪ್ಪೆನ್ನಲಾರರು. ಆದರೆ ಕಡಮೆ ದರ ಯಾವುದಕ್ಕೆ ಎಂಬುದನ್ನು ಬರೆಯುವ ಸ್ವಾತಂತ್ರ್ಯ ನಮಗುಂಟು. ಬೇಡಿಕೆಯ ಪತ್ರದಲ್ಲಿ ‘ಮೆಮೊರಿ ಕಾರ್ಡ್, ಒಂದು’ ಎನ್ನುವ ಬದಲು, ಇಂಥ ಮಾದರಿಯ ಕ್ಯಾಮೆರಾಕ್ಕೆ, ಎಸ್.ಡಿ.ಎಚ್.ಸಿ., ೩೨ ಜಿ.ಬಿ., ಪೂರ್ಣಾಕಾರದ್ದು, ಬರೆಯುವ ವೇಗದ ಗುರುತು ಇಂಥದ್ದು, ಎರಡು ಬೇಕು, ತಯಾರಕರ ಖಾತರಿಯೂ ಅಂಗಡಿಯ ರಶೀದಿಯೂ ಇರಬೇಕು, ತುಂಬಿಸಿ ಪರೀಕ್ಷೆ ಮಾಡಿದ ಮೇಲೆ ಹಣ ಸಂದಾಯ, ಎಂದು ಬರೆಯಬಹುದು. ಎರಡು ಸಾಲು ಹೆಚ್ಚಾದೀತು. ಈ ಸಲ ನಮ್ಮ ವಿಭಾಗದವರು ಹಾಗೆಯೇ ಬರೆದಿದ್ದಾರೆ; ಕಾರ್ಡುಗಳೂ ಬಂದಿವೆ. ೬೪ ಜಿ.ಬಿ.ಯದ್ದನ್ನು ಭೂಗೋಳ ವಿಭಾಗದ ಹೊಸ ಕ್ಯಾಮೆರಾಕ್ಕೆ ಕೊಡಲಾಯಿತು. ಅದು ಅಲ್ಲಿ ಸುಖವಾಗಿದೆ.

ಯುಗಾದಿ ಕಳೆದ ಮೇಲೆ ಕಂಪ್ಲಿಯಿಂದ ಒಬ್ಬರು ಕಾಲೇಜಿಗೆ ಬಂದಿದ್ದರು. ಹರಿಗೋಲಿನ ಮುದುಕರ ಮಗ. ತಂದೆ ತೀರಿಕೊಂಡರೆಂದೂ, ಮನೆಯಲ್ಲಿ ಗೋಡೆಗೆ ಹಾಕಲು ಒಂದು ಒಳ್ಳೆಯ ಫೋಟೋ ಇಲ್ಲವೆಂದೂ, ಕಾಲೇಜಿನ ಹುಡುಗರು ಬಹಳ ತೆಗೆದಿದ್ದರೆಂದು ಅಪ್ಪ ಹೇಳುತ್ತಿದ್ದರೆಂದೂ ಹೇಳಿದರು. ಕಂಪ್ಯೂಟರಿನ ಮುಂದೆ ಕೂರಿಸಿ, ಉಳಿದಿದ್ದ ಇನ್ನೂರು ಚಿಲ್ಲರೆಯನ್ನೂ ಒಂದೊಂದಾಗಿ ತೋರಿಸಿದೆವು. ಸೇತುವೆಯ ಒಂದು ಚಿತ್ರದಲ್ಲಿ, ನಮ್ಮ ಗುಂಪಿನ ಹಿಂದೆ, ಬಲತುದಿಯಲ್ಲಿ, ಬಿದಿರಿನ ಹೊರೆ ಹೊತ್ತು ಹೊಳೆಯ ಕಡೆಗೆ ಇಳಿಯುತ್ತಿರುವ ಒಬ್ಬ ಮನುಷ್ಯನ ಬೆನ್ನು ಕಾಣಿಸುತ್ತದೆ. ಅವರು ತೆರೆಯ ಹತ್ತಿರಕ್ಕೆ ಬಾಗಿ ಬಹಳ ಹೊತ್ತು ನೋಡಿ, ‘ಇದs ನಮ್ಮಪ್ಪ’ ಎಂದರು. ನಮ್ಮನ್ನೆಲ್ಲ ಕತ್ತರಿಸಿ ತೆಗೆದು ಆ ತುದಿಯನ್ನಷ್ಟೇ ದೊಡ್ಡದು ಮಾಡಿ ಅಚ್ಚು ಹಾಕಿಸಿಕೊಟ್ಟೆವು. ಚಿತ್ರ ಸ್ವಲ್ಪ ಮಸುಕಾಗಿದೆ.